ಅವ್ವನ ಒಪ್ಪತ್ತು

ಕನ್ನೊಳ್ಳಿ, ತಾ. ಸಿಂದಗಿ
೧೨-೬-೧೯೯೯

ಪ್ರೀತಿಯ ಯಜಮಾನರಿಗೆ,

ಸುವರ್ಣಾಳ ನಮಸ್ಕಾರಗಳು. ಆರೋಗ್ಯವಾಗಿದ್ದೀರಲ್ಲ? ಆ ಹಿಮದ ಗಡಿಯಲ್ಲಿ ಕಾಲು ಬೆಚ್ಚಗಿಟ್ಟುಕೊಳ್ಳಿ. ಇಲ್ಲಿ ನಾವು ಬಿಸಿಲಿಗೆ ಬೇಯುತ್ತಿದ್ದೇವೆ, ಮಳೆ ಇನ್ನೂ ಮುಖ ತೋರಿಸಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಅವ್ವ ಈಗ ಚೆನ್ನಾಗಿದ್ದಾರೆ. ಹೋದ ವಾರ ಎದೆ ಡವಡವ ಎನ್ನುತ್ತದೆಂದು ಮಲಗಿಬಿಟ್ಟಿದ್ದರು. ಕೈ ಹಿಡಿದರೆ ನಾಡಿ ಓಡುತ್ತಿತ್ತು. ಅಷ್ಟಕ್ಕೇ ಓಣಿಯ ರೇವವ್ವ, "ಇದು ಹಾರ್ಟಿಂದೇ ಐತಿ, ಮಗಗ ತಾರ್ ಬಿಡ್ರಿ" ಎಂದು ಬಾಯಿ ಮಾಡಿದಳು. ಗಡಿಯಲ್ಲಿ ಯುದ್ಧ ನಡೆದಿರುವಾಗ ಯಾರಾದರೂ ತಾರಿನ ಹೆಸರೆತ್ತುತ್ತಾರೆಯೇ? ಅವಳನ್ನು ಹೊರಗೆ ಕಳಿಸಿ, ಅವ್ವನನ್ನು ಟೆಂಪೋದಲ್ಲಿ ಕೂರಿಸಿಕೊಂಡು ಸಿಂದಗಿಗೆ ಹೋದೆ.

ಡಾಕ್ಟರು ನೋಡಿದರೆ ಬಿ.ಪಿ. ಸರಿ, ಇ.ಸಿ.ಜಿ.ಯೂ ಸರಿ. ಜ್ವರವಿಲ್ಲ, ಗಂಟಲು ಮುಟ್ಟಿದರೆ ಥೈರಾಯ್ಡಿನ ಗಂಟೂ ಇಲ್ಲ. "ಬಿ.ಪಿ. ಛಲೋ ಐತಿ, ನಾಡಿ ಯಾಕ ಓಡಾಕತ್ತೈತಿ? ಏನ್ ಉಣ್ತೀರಿ?" ಎಂದರು. ಅವ್ವನ ಬದಲು ನಾನೇ ಹೇಳಿದೆ. ಯುದ್ಧ ಶುರುವಾದಾಗಿನಿಂದ, ಮಗ ಮನೆಗೆ ಬರುವವರೆಗೂ ಎಂದು ಒಪ್ಪತ್ತು ಹಿಡಿದಿದ್ದಾರೆ. ಸಂಜೆ ಒಂದೇ ಊಟ. ಬರಿ ಹೊಟ್ಟೆಗೆ ನೀರು ಇಳಿಯುವುದಿಲ್ಲವಂತೆ. ಚಹಾ ಮಾತ್ರ ಒಪ್ಪತ್ತಿನ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಹಸಿವಾದಾಗಲೆಲ್ಲ ಕಡಕ್ ಚಹಾ! ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಕಡಿಮೆ, ಮೈಯಲ್ಲಿ ನೀರಿಲ್ಲ, ಮೇಲೆ ಚಹಾ ಮತ್ತು ಚಿಂತೆ. ಇದ್ದಷ್ಟು ರಕ್ತವನ್ನೇ ಮೈಯೆಲ್ಲ ತಿರುಗಿಸಲು ಹೃದಯ ಓಡುತ್ತಿದೆ, ಹೀಗೇ ಬಿಟ್ಟರೆ ಅದೂ ಸೋಲುತ್ತದೆ ಎಂದರು.

ಮನೆಗೆ ಬಂದು ತಾಟು ಇಟ್ಟರೆ ಮುಖ ತಿರುಗಿಸಿದರು. "ನನ್ನ ಜೀವ ಹ್ವಾದ್ರ ಹೋಗ್ಲಿ. ನಾ ಉಂಡು, ನನ್ನ ಸಂಜೀವಗ ಏನರ ಆದ್ರ?" ನನಗೆ ಸಿಟ್ಟೂ ಬಂತು, ಅಳುವೂ ಬಂತು. ಈಗ ಹಾಗಿಲ್ಲ. ಎರಡೂ ಹೊತ್ತು ರೊಟ್ಟಿ, ಪುಂಡಿಪಲ್ಯ, ಮೊಸರು ಉಣ್ಣುತ್ತಾರೆ, ಗುಳಿಗೆ ತಪ್ಪಿಸುವುದಿಲ್ಲ. ಚಹಾ ಕುಡಿಯಲು ಕದ್ದು ರೇವವ್ವನ ಮನೆಗೆ ಹೋಗುತ್ತಾರೆ, ಅದೂ ನನಗೆ ಗೊತ್ತು. ನಾಡಿ ಇಳಿಯುತ್ತಿದೆ. ಮನೆಯ ಕಡೆ ನಾನಿದ್ದೇನೆ, ನೀವು ನಿಮ್ಮ ಕೆಲಸದ ಮೇಲೆ ಗಮನವಿಡಿ.

ಅವ್ವ ನಿಮ್ಮ ತಲೆಯ ಮೇಲೆ ಕೈಯಿಟ್ಟು ಹರಸಿದ್ದೇನೆಂದು ಬರೆಯಲು ಹೇಳಿದ್ದಾರೆ.

ನಿಮ್ಮ
ಸುವರ್ಣಾ

ತಾ.ಕ.: ಅವ್ವ ಒಪ್ಪತ್ತು ಬಿಟ್ಟದ್ದು ನನ್ನ ಮಾತಿಗಲ್ಲ, ನಿಮ್ಮ ಮಾತಿಗೆ. ಎಸ್.ಟಿ.ಡಿ. ಬೂತಿನ ಮೀರಾಸಾಬ ಕಾಕಾ ಬಂದು, "ಸಂಜೀವನ ಫೋನ್ ಬಂದಿತ್ತವಾ, ಅವ್ವ ಉಂಡ್ರ ನನಗ ಇಲ್ಲಿ ಅನ್ನ ಇಳೀತೈತಿ ಅಂದಾನ" ಎಂದು ಹೇಳಿ ಹೋದರು. ಹಾಗೆ ಹೇಳಿಸಿದ್ದು ನಾನು. ನಿಮ್ಮ ಫೋನೂ ಇಲ್ಲ, ಪತ್ರವೂ ಇಲ್ಲ, ತಿಂಗಳಾಯಿತು. ಊಟಕ್ಕೆ ಕೂತಾಗಲೆಲ್ಲ ಅವ್ವ, "ಧ್ವನಿ ಹ್ಯಾಂಗಿತ್ತಂತ?" ಎಂದು ಕೇಳುತ್ತಾರೆ. ಗಟ್ಟಿಯಾಗಿತ್ತಂತೆ ಎನ್ನುತ್ತೇನೆ. ನನಗೂ ಕೇಳಬೇಕಾಗಿದೆ. ಒಮ್ಮೆ ಫೋನ್ ಮಾಡ್ರಿ.