ತಾಲೀಮಿನಲ್ಲಿ ಹೇಳಬಾರದ ಸಾಲು

ಓಲ್ಡಮ್
೧೯ ಡಿಸೆಂಬರ್ ೧೯೫೮

ಪ್ರೀತಿಯ ಎಡ್ನಾ,

‘ಬಿದ್ದದ್ದು ಸಾಕಪ್ಪಾ’ ಅಂದೆಯೋ, ‘ನಗಿಸಿದ್ದು ಸಾಕು’ ಅಂದೆಯೋ, ಸರಿಯಾಗಿ ನೆನಪಿಲ್ಲ. ನಿನ್ನ ಅಮ್ಮನನ್ನು ಮಣ್ಣುಮಾಡಿ ಬಂದ ದಿನ ಬಾಗಿಲಲ್ಲಿ ನಿಂತು ನೀನು ಅಂದಿದ್ದೆ. ಉತ್ತರ ಬರೆಯಲು ವರ್ಷವೇ ಹಿಡಿಯಿತು, ಕ್ಷಮಿಸು. ಉತ್ತರ ಇಷ್ಟೇ: ಸಾಕಾಗಿಲ್ಲ.

ಈ ಸಲವೂ ಕ್ರಿಸ್‌ಮಸ್ ನಾಟಕದಲ್ಲಿ ಮುದಿ ಅಡುಗೆಯವಳ ಹೆಣ್ಣುವೇಷ ನನ್ನದೇ. ಹತ್ತೊಂಬತ್ತು ಸಿನಿಮಾಗಳಲ್ಲಿ ನನ್ನನ್ನು ಏಣಿಯಿಂದ, ಕುದುರೆಯಿಂದ, ಒಮ್ಮೆ ಬಿಷಪ್ಪರ ತೊಡೆಯಿಂದಲೂ ಬೀಳಿಸಿದರು. ಒಂದರಲ್ಲೂ ಒಂದು ಪೂರ್ತಿ ವಾಕ್ಯ ಕೊಡಲಿಲ್ಲ. ಇಲ್ಲಿ ನಾಟಕದ ಕೊನೆಯ ಸಾಲೇ ನನ್ನದು. ಹೊಸ ಮ್ಯಾನೇಜರ್ ಪಿಲ್ಲಿಂಗ್‌ಗೆ ಈ ವೇಷವನ್ನು ಟೆಲಿವಿಷನ್ನಿನವನೊಬ್ಬನಿಗೆ ಕೊಡುವ ಆಸೆ.

“ನಿಮ್ಮ ಮಂಡಿ ನೋಡ್ಕೊಳ್ಳಿ ವಿಲ್ಫ್. ಮೆಟ್ಲಿಂದ ಬೀಳೋ ವಯಸ್ಸಾ ಇದು?” ಅಂದ, ಇವತ್ತಿನ ತಾಲೀಮಿನಲ್ಲಿ.

“ಮಂಡಿ ನಂದು, ಮೆಟ್ಲು ನಿಮ್ದು. ಯಾವುದು ಮೊದ್ಲು ಮುರಿಯುತ್ತೋ ನೋಡೋಣ” ಅಂದೆ.

ಏಳು ಮೆಟ್ಟಿಲು ಉರುಳಿದೆ. ಲಂಗ ತಲೆಯ ಮೇಲೆ. ಉಡುಪು ನೋಡಿಕೊಳ್ಳುವ ಆಗ್ನೆಸ್ ಬಗ್ಗಿ, “ಸತ್ತೋದ್ಯೇನಜ್ಜೀ, ಇಲ್ಲಾ ಚಪ್ಪಾಳೆಗೆ ಕಾಯ್ತಿದೀಯಾ?” ಅಂದಳು. ಕುಣಿಯುವ ಹುಡುಗಿಯರು ನೆಲದ ಮೇಲೆ ಕೂತು ನಕ್ಕರು. ಪಿಲ್ಲಿಂಗ್ ನಗು ತಡೆಯಲು ತುಟಿ ಕಚ್ಚಿಕೊಂಡ. ವೇಷ ಉಳಿಯಿತು.

“ಆಯ್ತು ಮಾರಾಯ್ರೇ, ಆ ಕೊನೇ ಸಾಲೊಂದು ಹೇಳಿ ಮುಗಿಸಿ” ಅಂದ. ಎಲ್ಲರೂ ನನ್ನ ಬೂಟು ನೋಡತೊಡಗಿದರು. ಆಗ್ನೆಸಳೇ ಹೇಳಿಕೊಟ್ಟಳು: “ಅದನ್ನ ತಾಲೀಮಲ್ಲಿ ಹೇಳಲ್ಲ ಸಾರ್. ಮೊದಲ್ನೇ ಆಟದಲ್ಲಿ, ಜನ ತುಂಬಿದ್ಮೇಲೇನೇ. ಮುಂಚೆ ಹೇಳಿದ್ರೆ ಕೇಡು.” ನಾನು ಆ ಸಾಲಿನ ಬದಲು ‘ಟಮ್ ಟಿ ಟಮ್’ ಅಂದು ಕೈಮುಗಿದೆ.

ಇಪ್ಪತ್ತಾರಕ್ಕೆ ಮೊದಲ ಆಟ. ಮೂರನೆಯ ಸಾಲಿನ ಕೊನೆಯಲ್ಲಿರುವ ಅಮ್ಮನ ಕುರ್ಚಿ ನಿನ್ನ ಹೆಸರಲ್ಲಿದೆ. ನೀನು ಬರದಿದ್ದರೂ ಬೀಳುತ್ತೇನೆ, ನಗಿಸುತ್ತೇನೆ, ಆ ಸಾಲನ್ನೂ ಹೇಳುತ್ತೇನೆ. ಬಂದರೆ ಯಾರಿಗೆ ಹೇಳಬೇಕೆಂದು ಗೊತ್ತಾಗುತ್ತದೆ. ಚಳಿಗೆ ಕಿವಿ ಮುಚ್ಚಿಕೋ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ,
ವಿಲ್ಫ್

ಮತ್ತೊಂದು ಮಾತು: ಕಳೆದ ವರ್ಷದ ಕೊನೆಯ ತಾಲೀಮಿಗೆ ಅಮ್ಮನನ್ನು ನೀನೇ ಗಾಲಿಕುರ್ಚಿಯಲ್ಲಿ ಕರೆತಂದಿದ್ದೆ. ವೈದ್ಯರು ವಸಂತದವರೆಗೆ ಭಯವಿಲ್ಲ ಅಂದಿದ್ದರು. ನನಗೆ ನಂಬಿಕೆ ಬರಲಿಲ್ಲ. ಮೊದಲ ಆಟಕ್ಕೆ ಅವಳಿರದಿದ್ದರೆ ಎಂದು, ಖಾಲಿ ಸಭಾಂಗಣದಲ್ಲಿ ಆ ಸಾಲನ್ನು ಅವಳೊಬ್ಬಳಿಗಾಗಿ ಹೇಳಿಬಿಟ್ಟೆ. ಅವಳು ನಕ್ಕಳು, ಪಕ್ಕದಲ್ಲಿದ್ದ ನೀನು ನಗಲಿಲ್ಲ. ಮೂರನೆಯ ದಿನ ಹೋದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿದ್ದಳು ಎಂದು ನೀನೂ ನಂಬಿದ್ದೀಯಾ, ಎಡ್ನಾ?