ಗುಬ್ಬಿಯಲ್ಲಿರುವ ದುಬೈ ಮಾವ

ಪ್ರೀತಿಯ ಸಿದ್ದಗಂಗಕ್ಕನಿಗೆ ನಮಸ್ಕಾರಗಳು.

ಸಮಸ್ತ ತುಮಕೂರು ಜಿಲ್ಲೆಗೆ ಸಾರಬೇಕಾದ ಸುದ್ದಿಯೊಂದಿದೆ: ಇವತ್ತು ನಾನು ಮಾಡಿದ ಉಪ್ಪಿಟ್ಟಿನಲ್ಲಿ ಒಂದೂ ಗಂಟಿರಲಿಲ್ಲ! ‘ಬುದ್ಧಿ ಬೆಳೆಯದ ಹುಡುಗ’ ಎಂದು ನೀನು ಕರೆಯುವ ಈ ನಲವತ್ತರ ಗಂಡಸು, ಗುಬ್ಬಿಯ ಬಾಡಿಗೆ ಮನೆಯಲ್ಲಿ ಗೆಳೆಯನ ಜೊತೆ ಚೆನ್ನಾಗಿದ್ದಾನೆ. ದಿನಾ ನೆರವಿಗೆ ಬರುವ ಪ್ರೇಮಲತಾ ಮೇಡಂ ನಾನು ಹೇಳಿದ್ದನ್ನು ಬರೆಯುತ್ತಿದ್ದಾರೆ. ಬೈಗುಳ ಮಾತ್ರ ಬರೆಯಲ್ಲವಂತೆ. ಅವನ್ನು ನೀನೇ ಸೇರಿಸಿಕೊಂಡು ಓದು.

‘ಮಾನಸಾ ಮದುವೆ ಸೋಮವಾರ ಕಣೋ. ನನ್ನ ಮಗಳನ್ನ ಮಂಟಪಕ್ಕೆ ಕರ್ಕೊಂಡು ಬರೋ ಸೋದರಮಾವ ನೀನೇ’ ಅಂದಿದ್ದೆಯಲ್ಲ, ಸೋಮವಾರ ಬೆಳಿಗ್ಗೆ ರೇಷ್ಮೆ ಪಂಚೆ ಉಟ್ಟು, ಒಬ್ಬನೇ ಬಸ್ಸು ಹತ್ತಿ ಕುಣಿಗಲ್ಲಿನ ಛತ್ರಕ್ಕೆ ಬಂದೆ. ಅಡುಗೆಯವನು ಕೊಪ್ಪರಿಗೆ ತೊಳೆಯುತ್ತಿದ್ದ.

“ಮದ್ವೆ ನೆನ್ನೇನೇ ಆಯ್ತಲ್ಲ ಸ್ವಾಮಿ! ಸೋದರಮಾವ ದುಬೈನಲ್ಲವ್ನಂತೆ. ಚಿಕ್ಕಪ್ಪನೇ ಹುಡ್ಗೀನ ಕರ್ಕಂಡ್ ಬಂದ್ರು. ತಾವ್ಯಾರು?”

ದುಬೈಯಿಂದ ಕುಣಿಗಲ್ಲಿಗೆ ಗುಬ್ಬಿ ಬಸ್ಸಿನಲ್ಲೇ ಬರಬಹುದೆಂದು ಪಾಪ, ಅವನಿಗೆ ಗೊತ್ತಿರಲಿಲ್ಲ. ದಾರಿ ತಪ್ಪಿ ಬಂದೆ ಅಂದೆ. ಅಲ್ಲಿಗೆ ನಿನ್ನ ಮರ್ಯಾದೆ ಉಳಿಯಿತು.

ಬೀಗರಿಗೆ ದುಬೈ ಕಥೆ ಹೇಳಿದವಳು, ಮಾನಸಾಗೆ ಮಾತ್ರ ನನಗೆ ಜ್ವರ ಅಂತ ಹೇಳಿದ್ದೆಯಂತೆ. ನಿಜ ಗೊತ್ತಾದ ಮೇಲೆ ಫೋನಿನಲ್ಲಿ ಬಹಳ ಅತ್ತಳು. ಬರುವ ಭಾನುವಾರ ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ಅಡುಗೆ ನನ್ನದೇ.

ನಮ್ಮಲ್ಲಿರುವುದು ಎರಡೇ ತಟ್ಟೆ. ಇನ್ನೆರಡು ತಟ್ಟೆಯನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸು. ನೀನೇ ಬರುವುದಾದರೆ ಮೂರು ತಾ. ಆದರೆ ಅಳಿಯನ ಎದುರು ನಾನು ಯಾರೆಂದು ನಿನ್ನ ಬಾಯಿಂದಲೇ ಹೇಳಬೇಕು.

ಇಂತಿ ನಿನ್ನ ತಮ್ಮ,
ಗಂಗಾಧರ