ಅಪ್ಪ ಡಾಕ್ಟರ ಮುಂದೆ ಹೇಳಿದ್ದು

ಮಾರ್ಚ್ ೧೧, ಮಂಗಳವಾರ

ನನಗೆ ಆಟಿಸಂ ಇದೆಯೇ ಎಂದು ನಲವತ್ತೊಂದನೆಯ ವಯಸ್ಸಿನಲ್ಲಿ ತಪಾಸಣೆ. ಬಾಲ್ಯ ಬಲ್ಲವರನ್ನು ಕರೆತನ್ನಿ ಎಂದಿದ್ದರು ಡಾಕ್ಟರು. ಉಳಿದಿರುವವರು ಅಪ್ಪ ಒಬ್ಬರೇ. ಜಪ್ಪಯ್ಯ ಅಂದರೂ ಬರಲಾರರು ಎಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಶರ್ಟು ತೊಟ್ಟು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

“ಮಿಕ್ಸಿ ಸದ್ದಿಗೆ ಕಿವಿ ಮುಚ್ಕೊಂಡು ಮಂಚದಡಿ ಸೇರ್ಕೊಳ್ತಿದ್ದ. ಮೊಂಡಾಟ ಅಂದ್ಕೊಂಡು ಎಳೆದು ಹೊಡೀತಿದ್ದೆ ಮೇಡಂ,” ಎಂದರು ಅಪ್ಪ, ಡಾಕ್ಟರಿಗೆ. ಹೊಡೆದಿರಾ ಎಂದು ಯಾರೂ ಕೇಳಿರಲಿಲ್ಲ. ಡಾಕ್ಟರು ತಲೆ ಎತ್ತದೆ ಬರೆದುಕೊಂಡರು. ನಾನು ಮೇಜಿನ ಅಂಚು ನೋಡುತ್ತ ಕೂತೆ.

ವಾಪಸು ಬರುವಾಗ ಟ್ಯಾಕ್ಸಿಯವನು ಹಾರನ್ ಒತ್ತುತ್ತಲೇ ಇದ್ದ. ಅಪ್ಪ ಮುಂದಕ್ಕೆ ಬಾಗಿ, “ಸ್ವಲ್ಪ ಕಮ್ಮಿ ಮಾಡಪ್ಪಾ, ನನ್ನ ಮಗನಿಗೆ ಸದ್ದು ಆಗಲ್ಲ,” ಎಂದರು.

ವರದಿ ಬರಲು ಇನ್ನೂ ಮೂರು ವಾರ. ಇಷ್ಟು ವರ್ಷ ಅವರ ಮೇಲಿಟ್ಟುಕೊಂಡಿದ್ದ ಸಿಟ್ಟನ್ನು ಈಗ ಏನು ಮಾಡಲಿ ಎಂದು ತಿಳಿಯುತ್ತಿಲ್ಲ. ಬಿಟ್ಟುಬಿಡೋಣವೆಂದರೆ ಅದೂ ಆಗುತ್ತಿಲ್ಲ... ನಿದ್ದೆಗೆ ಕಣ್ಣು ಎಳೆಯುತ್ತಿದೆ.